ಒಂದು ಗ್ಯಾಸ್ಕೆಟ್ಟಿನ ವಿಷಯ

ಕೇಂದ್ರದ ಭಾರಿ ಕೈಗಾರಿಕೆ ಮತ್ತು ಉಕ್ಕು ಸಚಿವರೂ, ನಮ್ಮ ಮಂಡ್ಯದ ಸಂಸದರೂ ಆದ ಮಾನ್ಯ ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರಿಗೆ, ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಒಬ್ಬ ಬೈಕ್ ಮೆಕ್ಯಾನಿಕ್ ಮಾಡುವ ನಮಸ್ಕಾರಗಳು.

ಊರಲ್ಲಿ ಎಲ್ಲರೂ ನಿಮ್ಮನ್ನು ಕುಮಾರಣ್ಣ ಅಂತಲೇ ಕರೆಯೋದು. ಕಾಗದದಲ್ಲಿ ಹಾಗೆ ಬರೆಯಲು ಕೈ ಹಿಂಜರಿಯುತ್ತದೆ, ಆದರೂ ನಡುವೆ ಎಲ್ಲಾದರೂ ಬಂದುಬಿಟ್ಟರೆ ತಪ್ಪು ತಿಳಿಯಬೇಡಿ. ನಾಲೆ ನೀರು, ಕಬ್ಬಿನ ಬಾಕಿ, ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ ಅನ್ನುವ ಅರ್ಜಿಗಳು ನಿಮಗೆ ದಿನಾ ಬರುತ್ತವೆ. ನಾನು ಬರೆಯುತ್ತಿರುವುದು ಸ್ಪೋರ್ಟ್ಸ್ ಬೈಕಿನ ಬಗ್ಗೆ. ದಯವಿಟ್ಟು ನಗಬೇಡಿ. "ಶೋಕಿಗೆ ತಗೊಂಡೋನು ಅನುಭವಿಸಲಿ ಬುಡು" ಅಂತ ನಮ್ಮೂರ ಅರಳಿಕಟ್ಟೆಯಲ್ಲೇ ಎಷ್ಟೋ ಜನ ನನಗೆ ಹೇಳಿದ್ದಾರೆ. ಆದರೆ ವಾಹನ ತಯಾರಿಕೆ ಬರುವುದು ನಿಮ್ಮ ಖಾತೆಗೆ, ನಾವಿರುವುದು ನಿಮ್ಮ ಕ್ಷೇತ್ರದಲ್ಲಿ. ಇನ್ಯಾರಿಗೆ ಬರೆಯಲಿ?

ನಾನು ಹದಿನಾಲ್ಕನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದವನು. ಕೆಲಸ ಕಲಿತದ್ದು ಯಜ್ಡಿ ಮೇಲೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತಿದ್ದ ಗಾಡಿ ಅದು, ಹಾಗಾಗಿ ನಮ್ಮ ಕಡೆಯವರಿಗೆ ಮನೆಮಗನಿದ್ದ ಹಾಗೆ. ಕಿಕ್ ಹೊಡೆಯುವ ಲಿವರ್ರೇ ಗೇರ್ ಹಾಕುವ ಲಿವರ್ರು. 250 ಸಿಸಿ, ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ರೋಡ್‌ಕಿಂಗ್ ಕೊಡುತ್ತಿದ್ದುದು ಹದಿನಾರು ಕುದುರೆಶಕ್ತಿ. ನಡುದಾರಿಯಲ್ಲಿ ನಿಂತರೆ ಪ್ಲಗ್ ಬಿಚ್ಚಿ ಒರೆಸು, ಪಾಯಿಂಟಿಗೆ ಸ್ಯಾಂಡ್ ಪೇಪರ್ ಎಳೆ, ಮನೆಗೆ ಹೋಗು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆಮೇಲೂ ಇಪ್ಪತ್ತು ವರ್ಷ ಅದರ ಪಾರ್ಟುಗಳು ಮೈಸೂರಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತಿದ್ದವು. ಸಿಗದಿದ್ದರೆ ಲೇತ್‌ನವನು ಮಾಡಿಕೊಡುತ್ತಿದ್ದ. ಕಂಪನಿ ಸತ್ತರೂ ಗಾಡಿ ಬದುಕಿತ್ತು. ಈಗ ಕಂಪನಿ ಬದುಕಿರುವಾಗಲೇ ಗಾಡಿ ಸಾಯುತ್ತಿದೆ, ನನ್ನ ತಕರಾರು ಅದು.

ಹಳೆಯದೆಲ್ಲ ಚಿನ್ನ ಅನ್ನುವ ಪೈಕಿಯವನಲ್ಲ ನಾನು. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಬಿಟ್ಟ ರಾಜದೂತ್ 350 ನೆನಪಿದೆಯೇ? ಎರಡು ಸಿಲಿಂಡರ್, ಹಾರುವ ಗಾಡಿ. ಕುಡಿಯುವ ಪೆಟ್ರೋಲೂ ಪಾರ್ಟಿನ ಬೆಲೆಯೂ ತಾಳಲಾರದೆ ಜನ ಕೈಬಿಟ್ಟರು, ಆರೇಳು ವರ್ಷಕ್ಕೆ ನಿಂತುಹೋಯಿತು. ವೇಗದ ಗಾಡಿಗೆ ಜೇಬು ತೂತಾಗುವುದು ಆಗಲೂ ಇತ್ತು. ಇವತ್ತಿನ ಎಂಜಿನ್ನುಗಳನ್ನು ಬಿಚ್ಚಿ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. 373 ಸಿಸಿಯ ಒಂದೇ ಸಿಲಿಂಡರಿನಿಂದ 43 ಕುದುರೆಶಕ್ತಿ ತೆಗೆಯುತ್ತಾರೆ. ಗಡಿಯಾಚೆಯ ಹೊಸೂರಿನಲ್ಲಿ ಟಿವಿಎಸ್‌ನವರು ಜರ್ಮನಿಯ ಬಿಎಂಡಬ್ಲ್ಯೂ ಹೆಸರಿನ 310 ಗಾಡಿ ಮಾಡಿ ಹೊರದೇಶಕ್ಕೆ ಕಳಿಸಿದ್ದಾರೆ. ಕೆಲಸ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಬೆಲೆಯ ಮಾತು ಮೊದಲು ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ನಮ್ಮ ಕಡೆ ಯಾವ ದುಬಾರಿ ವಸ್ತುವನ್ನೂ ಅಳೆಯುವುದು ಕಬ್ಬಿನಲ್ಲಿ. 2013ರಲ್ಲಿ ಕೆಟಿಎಂ 390 ಡ್ಯೂಕ್ ಬಂದಾಗ ದೆಹಲಿ ಷೋರೂಂ ಬೆಲೆ 1.80 ಲಕ್ಷ. ಆ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತು ಮಾಡಿದ್ದ ಎಫ್‌ಆರ್‌ಪಿ ಟನ್ನಿಗೆ 2,100 ರೂಪಾಯಿ. ಲೆಕ್ಕ ಹಾಕಿದರೆ 86 ಟನ್ ಕಬ್ಬು. ಅದೇ ಹೆಸರಿನ ಹೊಸ ಗಾಡಿ 2023ರ ಸೆಪ್ಟೆಂಬರಿನಲ್ಲಿ 3.11 ಲಕ್ಷಕ್ಕೆ ಬಂತು. ಎಫ್‌ಆರ್‌ಪಿ 3,150. ಆಗ 99 ಟನ್ ಬೇಕಾಯಿತು. ಸಕ್ಕರೆ ಇಳುವರಿಯ ಮಾನದಂಡವನ್ನು ನಡುವೆ ಶೇಕಡಾ 9.5ರಿಂದ 10.25ಕ್ಕೆ ಏರಿಸಿದ್ದನ್ನು ಸೇರಿಸಿದರೆ ಇನ್ನೂ ಕೆಲವು ಟನ್ ಹೆಚ್ಚಾದೀತು. ಎಕರೆಗೆ ನಲವತ್ತು ಟನ್ ಅಂತ ಹಿಡಿದರೂ ಎರಡೂವರೆ ಎಕರೆಯ ಇಡೀ ಬೆಳೆ ಒಂದು ಬೈಕಿಗೆ. ಭಾರವೇ ಸರಿ, ಆದರೆ ಹತ್ತು ವರ್ಷದಲ್ಲಿ ಎಬಿಎಸ್ ಕಡ್ಡಾಯವಾಯಿತು, 2020ರ ಏಪ್ರಿಲ್‌ನಿಂದ ಬಿಎಸ್6 ಬಂತು, ಬಣ್ಣದ ಡಿಸ್‌ಪ್ಲೇ ಬಂತು. ಕಂಪನಿಯವರು ಸುಮ್ಮನೆ ದೋಚಿದರು ಅನ್ನಲಾರೆ.

ತೆರಿಗೆ ಮಾತ್ರ ಬೇರೆ ಕಥೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 18ಕ್ಕೆ ಇಳಿಯಿತು, ಅದನ್ನು ದಾಟಿದ್ದಕ್ಕೆ 40ಕ್ಕೆ ಏರಿತು. ಮೊದಲು ಸೆಸ್ಸೂ ಸೇರಿ 31 ಇತ್ತು. ಎರಡು ಲಕ್ಷದ ಗಾಡಿ ಅಂದುಕೊಳ್ಳಿ. ಜಿಎಸ್‌ಟಿ ಸೇರಿ 2.80 ಲಕ್ಷ. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ, ಲಕ್ಷ ದಾಟಿದ ಬೈಕಿಗೆ ನೂರಕ್ಕೆ 18, ಅಂದರೆ 50,400 ರೂಪಾಯಿ. ಕಟ್ಟಿದ ತೆರಿಗೆಯ ಮೇಲೂ ತೆರಿಗೆ ಕಟ್ಟಿದ ಹಾಗಾಯಿತು. ಐದು ವರ್ಷದ ಥರ್ಡ್ ಪಾರ್ಟಿ ವಿಮೆ 15,117. ರಸ್ತೆ ತೆರಿಗೆಯ ಮೇಲಿನ ಸೆಸ್ಸು, ಉಳಿದ ವಿಮೆ, ನಂಬರ್ ಪ್ಲೇಟು ಎಲ್ಲ ಬಿಟ್ಟರೂ ಮೂರು ಲಕ್ಷ ನಲವತ್ತೈದು ಸಾವಿರ ದಾಟಿತು. ಜಿಎಸ್‌ಟಿ ನಿಮ್ಮ ಖಾತೆಯದಲ್ಲ, ರಸ್ತೆ ತೆರಿಗೆ ಬೆಂಗಳೂರಿನವರದು, ಅದು ಗೊತ್ತಿದೆ. ಇದನ್ನು ಬರೆದದ್ದು ಇಷ್ಟಕ್ಕೇ: ಸರ್ಕಾರಗಳು ಈ ಗಾಡಿ ಕೊಂಡವನನ್ನು ಶ್ರೀಮಂತ ಅಂತ ಗುರುತಿಸಿ ವಸೂಲಿ ಮಾಡುತ್ತವೆ. ಗಾಡಿ ಕೆಟ್ಟ ದಿನ ಆ ಶ್ರೀಮಂತ ಸ್ಪ್ಲೆಂಡರ್ ಇಟ್ಟುಕೊಂಡವನಿಗಿಂತ ಕಡೆ.

ಈಗ ನನ್ನ ಮಗನ ವಿಷಯ. 2023ರ ದೀಪಾವಳಿಗೆ ಅವನು ಒಂದು ಸ್ಪೋರ್ಟ್ಸ್ ಬೈಕು ತಂದ. ಕಂಪನಿ ಹೆಸರು ಬರೆಯುವುದಿಲ್ಲ. ಮೇಲೆ ಹೆಸರಿಸಿದ ಯಾವುದೂ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ, ತಿಂಗಳಿಗೆ 9,800 ರೂಪಾಯಿ ಇಎಂಐ, ನಾಲ್ಕು ವರ್ಷ. "ಬಸ್ಸಿಗೆ ಕಾಯೋ ಹೊತ್ತಲ್ಲಿ ಹೋಗಿ ಸೇರ್ಕತೀನಿ ಕಣಪ್ಪ" ಅಂದ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ವಯಸ್ಸಲ್ಲಿ ನಾನೂ ಯಜ್ಡಿ ಸೈಲೆನ್ಸರಿನ ಒಳಗಿನ ಕೊಳವೆ ಕಿತ್ತು ಸದ್ದು ಮಾಡಿಕೊಂಡು ಮದ್ದೂರು ಪೇಟೆ ಸುತ್ತಿದವನೇ.

ಮೊದಲ ಬಾರಿ ನಿಂತದ್ದು ಕಬ್ಬು ಕಡಿಯುವ ಕಾಲದಲ್ಲಿ, ಟ್ರ್ಯಾಕ್ಟರುಗಳು ರಸ್ತೆಗೆಲ್ಲ ಕೆಸರು ಉದುರಿಸಿಕೊಂಡು ಓಡಾಡುವಾಗ. ಫೋನ್ ಬಂತು. "ಗೇರ್ ಹಾಕಿದ್ರೆ ಆಫ್ ಆಯ್ತದೆ ಕಣಪ್ಪ." ಹೋಗಿ ಪೆಟ್ರೋಲು ನೋಡಿದೆ, ಪ್ಲಗ್ ನೋಡಿದೆ, ಫ್ಯೂಸ್ ನೋಡಿದೆ. ಅರ್ಧ ಗಂಟೆ ಒದ್ದಾಡಿದ ಮೇಲೆ ಗೊತ್ತಾದದ್ದು, ಸೈಡ್ ಸ್ಟ್ಯಾಂಡಿನ ಸೆನ್ಸರಿಗೆ ಕೆಸರು ಮೆತ್ತಿದೆ. ಸ್ಟ್ಯಾಂಡ್ ಇನ್ನೂ ಕೆಳಗಿದೆ ಅಂದುಕೊಂಡು ಗಾಡಿಯೇ ಗಾಡಿಯನ್ನು ಆಫ್ ಮಾಡುತ್ತಿದೆ. ಬಾಟಲಿ ನೀರು ಹಾಕಿ ತೊಳೆದೆ, ಹೊರಟಿತು. ಅವತ್ತು ಇಬ್ಬರೂ ನಕ್ಕೆವು.

ನಗು ನಿಂತದ್ದು 2025ರ ಆಷಾಢದಲ್ಲಿ. ಕೂಲೆಂಟ್ ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಒಂದು ಹನಿ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಎಂಜಿನ್ ಪಕ್ಕದ ಗಾಜಿನ ಕಿಂಡಿಯಲ್ಲಿ ನೋಡಿದೆ, ಆಯಿಲ್ ಬಣ್ಣ ಕಾಫಿಗೆ ಹಾಲು ಜಾಸ್ತಿಯಾದ ಹಾಗೆ. ಮೂವತ್ತು ವರ್ಷ ಈ ಕೆಲಸ ಮಾಡಿದವನಿಗೆ ಸ್ಕ್ಯಾನರ್ ಬೇಕಿಲ್ಲ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಸಿಲಿಂಡರಿಗೂ ಹೆಡ್ಡಿಗೂ ನಡುವೆ ಕೂರುವ, ಕಾಗದಕ್ಕಿಂತ ಒಂದಿಷ್ಟು ದಪ್ಪದ ಲೋಹದ ಹಾಳೆ. ಅದು ಸೋತರೆ ನೀರು ಆಯಿಲಿಗೆ ಸೇರುತ್ತದೆ. ಹಾಳೆ ಕೈಗೆ ಸಿಕ್ಕಿದರೆ ನನಗೆ ಒಂದೂವರೆ ದಿನದ ಕೆಲಸ.

ಗಾಡಿ ಇನ್ನೂ ವಾರಂಟಿಯಲ್ಲಿತ್ತು. ಟೆಂಪೋದಲ್ಲಿ ಹಾಕಿಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿನ ಹುಡುಗ ರೇಡಿಯೇಟರ್ ಮುಚ್ಚಳದ ಮೇಲಿನ ಬಣ್ಣದ ಗುರುತು ತೋರಿಸಿ, "ಸರ್, ಹೊರಗಡೆ ಓಪನ್ ಮಾಡ್ಸಿದೀರಿ, ವಾರಂಟಿ ಬರಲ್ಲ" ಅಂದ. ಮುಚ್ಚಳ ತೆಗೆದು ಕೂಲೆಂಟ್ ಇದೆಯೋ ಇಲ್ಲವೋ ನೋಡಿದ್ದು ನಾನೇ. ಕೂಲೆಂಟ್ ನೋಡಿದ್ದು ಅಪರಾಧವಾಯಿತು. ಸರಿ, ದುಡ್ಡು ಕೊಡುತ್ತೇನೆ ಮಾಡಿಕೊಡಿ ಅಂದರೆ ಪಾರ್ಟ್ ಇಲ್ಲ. ಪಾರ್ಟ್ ನನಗೆ ಮಾರಿ, ನಾನೇ ಹಾಕಿಕೊಳ್ಳುತ್ತೇನೆ ಅಂದರೆ ಹೊರಗಿನವರಿಗೆ ಕೌಂಟರಿನಲ್ಲಿ ಕೊಡುವುದಿಲ್ಲ. ಎಪ್ಪತ್ತೊಂದು ದಿನ. ಪ್ರತಿ ತಿಂಗಳ ಐದನೇ ತಾರೀಖು ಇಎಂಐ ಮಾತ್ರ ತಪ್ಪದೆ ಕಡಿತವಾಯಿತು. ಮಗ ಬೆಳಗಿನ ಜಾವ ಮದ್ದೂರು ಸ್ಟೇಷನ್ನಿಗೆ ಹೋಗಿ ರೈಲು ಹಿಡಿದು ಕೆಲಸಕ್ಕೆ ಹೋದ. ಕೊನೆಗೆ ಬಂದ ಬಿಲ್ಲು 23,640 ರೂಪಾಯಿ. ಅದರಲ್ಲಿ ಗ್ಯಾಸ್ಕೆಟ್ಟಿನ ಬೆಲೆ ನೋಡಿ ನನಗೆ ಸಿಟ್ಟೂ ನಗುವೂ ಒಟ್ಟಿಗೆ ಬಂತು, 1,180.

ಕುಮಾರಣ್ಣ, ಇದು ಒಂದು ಗಾಡಿಯ ಕಥೆಯಾಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ನನ್ನ ಶೆಡ್ಡಿಗೆ ಮಳವಳ್ಳಿಯಿಂದ, ಕೊಪ್ಪದಿಂದ, ಕೆ.ಎಂ. ದೊಡ್ಡಿಯಿಂದ ಇಂಥ ಗಾಡಿಗಳನ್ನು ತಳ್ಳಿಕೊಂಡು ಬರುತ್ತಾರೆ, ಬೇರೆ ಬೇರೆ ಕಂಪನಿಯವು. ಸೀಟಿನ ಕೆಳಗೆ ಆರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಸಾಲ ಮಾಡಿ ಸ್ಕ್ಯಾನರ್ ತಂದಿಟ್ಟಿದ್ದೇನೆ. ಚುಚ್ಚಿದರೆ ರೋಗದ ನಂಬರ್ ಹೇಳುತ್ತದೆ, ಔಷಧಿ ಹಾಕಲು ಬಿಡುವುದಿಲ್ಲ. ಹೊಸ ಕೀ ಸೇರಿಸಬೇಕೆ, ಎಬಿಎಸ್ ಯೂನಿಟ್ಟಿನೊಳಗಿನ ಗಾಳಿ ತೆಗೆಯಬೇಕೆ, ಎಲ್ಲಕ್ಕೂ ಕಂಪನಿಯ ಸಾಫ್ಟ್‌ವೇರೇ ಬೇಕು. ವಾಲ್ವ್ ಗ್ಯಾಪ್ ನೋಡಿ. ಸ್ಪ್ಲೆಂಡರಿನಲ್ಲಿ ಟ್ಯಾಪೆಟ್ ಸ್ಕ್ರೂ ತಿರುಗಿಸಿದರೆ ಅರ್ಧ ಗಂಟೆಯ ಕೆಲಸ. ಈ ಗಾಡಿಗಳಲ್ಲಿ ಕ್ಯಾಮ್‌ಶಾಫ್ಟ್ ಇಳಿಸಿ, ಅದರಡಿ ಕೂತಿರುವ ಶಿಮ್ ಅಂತ ಒಂದು ಪುಟ್ಟ ಬಿಲ್ಲೆಯನ್ನು ಅಳೆದು, ಕೂದಲೆಳೆಯಷ್ಟು ದಪ್ಪ ಅಥವಾ ತೆಳುವಾದ ಇನ್ನೊಂದನ್ನು ಕೂರಿಸಬೇಕು. ಅಳೆಯುವುದು ನನಗೆ ಗೊತ್ತು, ಮೈಕ್ರೋಮೀಟರ್ ಇದೆ. ಬಿಲ್ಲೆ ಮಾರುವವರಿಲ್ಲ. ಹಾಗಾಗಿ ಬಹಳ ಹುಡುಗರು ಆ ಕೆಲಸವನ್ನೇ ಮಾಡಿಸುವುದಿಲ್ಲ. ಎಂಜಿನ್ ಟಕಟಕ ಅನ್ನುತ್ತಾ ಒಂದು ದಿನ ಪೂರ್ತಿ ಕೂರುತ್ತದೆ. ಆಮೇಲೆ ಗಾಡಿ ಚೆನ್ನಾಗಿಲ್ಲ ಅನ್ನುವ ಹೆಸರು.

ರಸ್ತೆಯದೂ ಒಂದು ಪಾಲಿದೆ. 2023ರ ಮಾರ್ಚ್ 12ರಂದು ಪ್ರಧಾನಿಯವರು ನಮ್ಮ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು ನಿಷೇಧ. ಈ ನಿಷೇಧ ತೆಗೆಯಿರಿ ಅಂತ ಕೇಳುವ ಬೈಕಿನವರು ಬಹಳ ಇದ್ದಾರೆ, ನಾನು ಕೇಳುವುದಿಲ್ಲ. ಆ ಐದು ತಿಂಗಳಲ್ಲಿ ಗಾಡಿ ಅಂತ ನನ್ನ ಶೆಡ್ಡಿಗೆ ಬಂದ ಕಬ್ಬಿಣದ ಮುದ್ದೆಗಳನ್ನು ನೋಡಿದ್ದೇನೆ, ಓಡಿಸುತ್ತಿದ್ದವರ ಅಪ್ಪಂದಿರನ್ನೂ ನೋಡಿದ್ದೇನೆ. ಆದರೆ ಪರಿಣಾಮ ಏನು ಅಂತ ತಿಳಿದಿರಲಿ. ಗಾಳಿ ಸೀಳಿ ಓಡಲೆಂದು ಕಟ್ಟಿದ ಎಂಜಿನ್ನು ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಗಾಡಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತದೆ. ರೇಡಿಯೇಟರಿಗೆ ಗಾಳಿ ಇಲ್ಲ, ಫ್ಯಾನ್ ನಿಲ್ಲುವುದೇ ಇಲ್ಲ. ಹೆಡ್ ಗ್ಯಾಸ್ಕೆಟ್ ಸೋಲುವುದು ಇಂಥ ಕಾವಿನಲ್ಲೇ. ನಮ್ಮ ದೇಶದಲ್ಲಿ ಈ ಗಾಡಿಗಳು ಓಡುವುದು ಹೀಗೆಯೇ ಅನ್ನುವುದು ತಯಾರಿಸುವವರಿಗೆ ಗೊತ್ತಿರಬೇಕಲ್ಲವೇ?

ಪೆಟ್ರೋಲಿನ ವಿಷಯ ಬರೆಯುವಾಗ ನನಗೇ ಇರಿಸುಮುರಿಸು, ಯಾಕೆಂದರೆ ಶೇಕಡಾ 20 ಎಥೆನಾಲ್ ಬರುವುದರಲ್ಲಿ ನಮ್ಮ ಕಬ್ಬಿನ ಪಾಲೂ ಇದೆ. ಬೆರೆಸಬೇಡಿ ಅಂತ ಮಂಡ್ಯದವನು ಹೇಳಿದರೆ ಊರಿಗೆ ಸೇರಿಸುವುದಿಲ್ಲ. ಆಕ್ಟೇನ್ ಹೆಚ್ಚುವುದು ಇಂಥ ಎಂಜಿನ್ನಿಗೆ ಒಳ್ಳೆಯದೇ. ಹಳೆ ಗಾಡಿಯ ರಬ್ಬರ್ ಪೈಪು, ಸೀಲುಗಳಿಗೆ ಅಷ್ಟು ಒಳ್ಳೆಯದಲ್ಲ. ಎಥೆನಾಲ್ ನೀರು ಹೀರುತ್ತದೆ, ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು. ಸ್ಪೋರ್ಟ್ಸ್ ಬೈಕುಗಳು ನಿಲ್ಲುವುದೇ ಜಾಸ್ತಿ, ಪಾರ್ಟಿಗೆ ಕಾಯುತ್ತಾ. 2023ಕ್ಕಿಂತ ಹಿಂದೆ ಮಾರಿದ ಗಾಡಿಗಳಿಗೆ ಹೊಸ ಪೆಟ್ರೋಲಿಗೆ ಒಗ್ಗುವ ಪೈಪು, ಸೀಲುಗಳ ಕಿಟ್ ಒಂದನ್ನು ನ್ಯಾಯವಾದ ಬೆಲೆಗೆ ಕೌಂಟರಿನಲ್ಲಿ ಇಡಲಿ, ಅಷ್ಟು ಸಾಕು.

ಕಾನೂನಿಲ್ಲ ಅನ್ನುವ ಹಾಗೂ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಹೋಗುತ್ತೇವೆ. ಆದರೆ ಗ್ಯಾಸ್ಕೆಟ್ ಸೋತದ್ದು ತಯಾರಿಕೆಯ ದೋಷ ಅಂತ ತೋರಿಸುವ ಹೊರೆ ನಮ್ಮ ತಲೆಯ ಮೇಲೆ, ಅದನ್ನು ಬಿಚ್ಚಿ ನೋಡುವ ಅಧಿಕಾರ ಅವರ ಕೈಯಲ್ಲಿ. ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಲು ಕೇಂದ್ರಕ್ಕೆ ಅಧಿಕಾರ ಕೊಡುವ ನಿಯಮ 2021ರ ಏಪ್ರಿಲ್‌ನಿಂದ ಇದೆ, ಕಂಪನಿಗೆ ಒಂದು ಕೋಟಿವರೆಗೆ ದಂಡವೂ ಇದೆ. ಅದು ಜೀವಕ್ಕೆ ಅಪಾಯ ತರುವ ದೋಷಕ್ಕೆ, ಅದಕ್ಕೂ ಇಂತಿಷ್ಟು ದೂರು ಬರಬೇಕು. ಪರ್ಸು ಖಾಲಿ ಮಾಡುವ ದೋಷ ಅದರ ಲೆಕ್ಕಕ್ಕೆ ಬರುವುದಿಲ್ಲ.

ಕಾರಿನ ವಿಷಯದಲ್ಲಿ ಒಮ್ಮೆ ಈ ಮಾತು ಬಂದಿತ್ತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಕಾರಣ ನಾನು ಹೇಳುತ್ತಿರುವುದೇ. ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದು, ರೋಗ ಪತ್ತೆ ಮಾಡುವ ಉಪಕರಣ ಕೊಡದಿದ್ದು. ಪ್ರಕರಣ ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು, ಬೈಕುಗಳ ಸುದ್ದಿಗೆ ಅದು ಬರಲೇ ಇಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ಕ್ಕೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ವಾಹನಗಳೂ ಅದರಲ್ಲಿವೆ. ಪೋರ್ಟಲ್ಲಿದೆ, ಹಿಂದೆ ಕಾನೂನಿಲ್ಲ. ಯುರೋಪಿನಲ್ಲಿ 2013ರ 168ನೇ ನಿಯಮಾವಳಿ ಬೈಕುಗಳಿಗೇ ಅನ್ವಯಿಸುತ್ತದೆ. ರಿಪೇರಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜಿನವರಿಗೂ ಕೊಡಬೇಕು ಅನ್ನುತ್ತದೆ. ನಮ್ಮಲ್ಲಿ ತಯಾರಾಗಿ ಆ ದೇಶಗಳಿಗೆ ಹೋಗುವ ಗಾಡಿಗೆ ಅಲ್ಲಿನ ಮೆಕ್ಯಾನಿಕ್ಕಿಗೆ ಪುಸ್ತಕ ಸಿಗುತ್ತದೆ, ಹೊಸೂರಿಗೆ ಹತ್ತಿರದಲ್ಲೇ ಕೂತಿರುವ ನನಗೆ ಸಿಗುವುದಿಲ್ಲ.

ಇದರಲ್ಲಿ ನಿಮ್ಮ ಕೈಯಲ್ಲೇ ಇರುವುದು ಒಂದಿದೆ. ವಾಹನೋದ್ಯಮಕ್ಕೆ ನಿಮ್ಮ ಇಲಾಖೆಯ ಪಿಎಲ್‌ಐ, ಅಂದರೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯ ಮೊತ್ತ 25,938 ಕೋಟಿ. ಅದು ಹೆಚ್ಚಾಗಿ ವಿದ್ಯುತ್ ಗಾಡಿಗಳಿಗೆ, ಒಪ್ಪಿದೆ. ಆದರೆ ಪ್ರೋತ್ಸಾಹಧನದ ಪಟ್ಟಿಯಲ್ಲಿರುವ ದೊಡ್ಡ ಬೈಕು ಕಂಪನಿಗಳೇ ಪೆಟ್ರೋಲ್ ಗಾಡಿಯನ್ನೂ ಮಾಡುವವು. ಆ ದುಡ್ಡಿಗೆ ಒಂದು ಷರತ್ತು ಹಾಕಿ. ಮಾದರಿ ಮಾರಾಟ ನಿಂತ ಮೇಲೂ ಹತ್ತು ವರ್ಷ ಬಿಡಿಭಾಗ ಸಿಗಬೇಕು, ಪಾರ್ಟು ಯಾರು ಕೇಳಿದರೂ ಬೆಲೆ ಪಟ್ಟಿ ನೋಡಿ ಮಾರಬೇಕು, ಸರ್ವಿಸ್ ಪುಸ್ತಕ ಮತ್ತು ಸಾಫ್ಟ್‌ವೇರನ್ನು ದುಡ್ಡು ತೆಗೆದುಕೊಂಡಾದರೂ ಗ್ಯಾರೇಜಿಗೆ ಕೊಡಬೇಕು. ಬಿಟ್ಟಿ ಕೇಳುತ್ತಿಲ್ಲ. ಮೂವತ್ತು ದಿನದಲ್ಲಿ ಪಾರ್ಟು ಬರದಿದ್ದರೆ ಅಷ್ಟು ದಿನದ ಇಎಂಐ ಕಂಪನಿ ಕಟ್ಟಲಿ. ಹೀಗೊಂದು ಸಾಲು ಬರೆದರೆ ಎಪ್ಪತ್ತೊಂದು ದಿನ ಹನ್ನೊಂದಾಗುತ್ತದೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಹತ್ತು ವರ್ಷ ಯಾಕೆ ಅಂತ ಕೇಳಬಹುದು. 2020ರ ಸೆಪ್ಟೆಂಬರಿನಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿ ಭಾರತದಲ್ಲಿ ಕಾರ್ಖಾನೆ ಮುಚ್ಚುತ್ತೇವೆ ಅಂತ ಹೇಳಿತು. ಮುಂದಿನ ತಿಂಗಳೇ ಹೀರೋದವರ ಜೊತೆ ಒಪ್ಪಂದವಾಯಿತು ಅನ್ನಿ, ನಡುವಿನ ದಿನಗಳಲ್ಲಿ ಹತ್ತು ಲಕ್ಷ ಸುರಿದವರೂ ನಿದ್ದೆ ಮಾಡಿರಲಾರರು. 2024ರ ನವೆಂಬರಿನಲ್ಲಿ ಆಸ್ಟ್ರಿಯಾದ ಕೆಟಿಎಂ ಕಂಪನಿಯೇ ಸಾಲ ತೀರಿಸಲಾರದೆ ಕೋರ್ಟಿಗೆ ಹೋಯಿತು, ಕೊನೆಗೆ ಕೈಹಿಡಿದದ್ದು ನಮ್ಮ ಬಜಾಜ್. ದೊಡ್ಡ ಹೆಸರುಗಳೂ ಅಲುಗಾಡುವ ಕಾಲ. ಸೋಮನಹಳ್ಳಿಯ ಹುಡುಗ ನಲವತ್ತೆಂಟು ಕಂತು ಕಟ್ಟುವುದು ಆ ಹೆಸರನ್ನು ನಂಬಿಯೇ.

ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಅವರ ಊರಿನವರು ನಾವು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳು ಹೇಗೆ ಬೆಳೆದವು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಬುದ್ಧಿಗೆ ಇಲ್ಲೂ ಕೊರತೆಯಿಲ್ಲ. ನನ್ನ ಶೆಡ್ಡಿನಲ್ಲಿ ಈಗ ಐಟಿಐ ಮುಗಿಸಿದ ಇಬ್ಬರು ಹುಡುಗರಿದ್ದಾರೆ. ವೈರಿಂಗ್ ನಕ್ಷೆ ಕೈಗೆ ಕೊಟ್ಟರೆ ಅವರು ನನಗಿಂತ ಬೇಗ ತಪ್ಪು ಹುಡುಕುತ್ತಾರೆ. ನಕ್ಷೆ ಎಲ್ಲಿಂದ ತರಲಿ? ಇಷ್ಟು ದಿನ ಅವರಿಗೆ ಕಲಿಸಿದ್ದು ಚೈನ್ ಸ್ಪ್ರಾಕೆಟ್ ಬದಲಾಯಿಸುವುದು, ಪಂಕ್ಚರ್ ಹಾಕುವುದು, ಆಯಿಲ್ ಚೇಂಜ್.

ಮಗನ ಗಾಡಿ ಈಗ ಓಡುತ್ತಿದೆ. ಮೊನ್ನೆ ಶನಿವಾರ ಮತ್ತೆ ಡಿಸ್‌ಪ್ಲೇಯಲ್ಲಿ ಹಳದಿ ದೀಪ ಬಂದಿದೆ. ನನ್ನ ಸ್ಕ್ಯಾನರ್ ಹೇಳಿದ ಪ್ರಕಾರ ಹಿಂದಿನ ಚಕ್ರದ ಎಬಿಎಸ್ ಸೆನ್ಸರ್. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಬುಕ್ ಮಾಡಿದ್ದಾರೆ, ಮೆಸೇಜ್ ಬರುತ್ತದಂತೆ. ಅದರ ಪಕ್ಕದಲ್ಲೇ ನನ್ನ 1991ರ ರೋಡ್‌ಕಿಂಗ್ ನಿಂತಿದೆ. ನೀವು ಹಳೆ ರಸ್ತೆಯಲ್ಲಿ ಮದ್ದೂರಿಗೆ ಹೋಗುವಾಗ ನಮ್ಮೂರಲ್ಲಿ ಒಂದು ನಿಮಿಷ ಕಾರು ನಿಲ್ಲಿಸಿದರೆ ಎರಡನ್ನೂ ತೋರಿಸುತ್ತೇನೆ. ಯಜ್ಡಿ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ, ಚಳಿಯಿದ್ದರೆ ಮೂರನೆಯದಕ್ಕೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಸೋಮನಹಳ್ಳಿ, ಮದ್ದೂರು ತಾಲ್ಲೂಕು